ಹಲಸೂರಿನ ಕಡೆ ಹುಟ್ಟಿದ ಚಂದ್ರ

ನಾನು ಲೆಕ್ಕದಲ್ಲಿ ಗಟ್ಟಿ. ಈ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ಓದಿದವರು ಯಾರೂ ಇದನ್ನು ನಂಬುವುದಿಲ್ಲ.

ಹಲಸೂರಿನ ಒಂದು ಶಾಲೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಕನ್ನಡ ಕಲಿಸುತ್ತಿದ್ದೇನೆ. ಗಣಿತದ ಮೇಡಂ ರಜೆ ಹಾಕಿದರೆ ಆ ಪಾಠಕ್ಕೂ ನುಗ್ಗುವವಳು ನಾನೇ. ಭಿನ್ನರಾಶಿಗೆ ಹೆದರದ ಇಂಥ ನನಗೆ, ಪ್ರತಿ ವರ್ಷ ರಂಜಾನ್ ಮುಗಿಯುವ ಹೊತ್ತಿಗೆ ಸ್ಟಾಫ್ ರೂಮಿನಲ್ಲಿ ಮಾನ ಹೋಗುತ್ತಿತ್ತು.

“ಶಮೀಮ್ ಮಿಸ್, ನಿಮ್ಮ ಹಬ್ಬ ಯಾವತ್ತು?”

“ಚಂದ್ರ ಕಂಡರೆ ಒಂದು ದಿನ. ಕಾಣದಿದ್ದರೆ ಮಾರನೆಯ ದಿನ.”

ಆಗ ಎಲ್ಲರೂ ನನ್ನನ್ನು ಒಂದು ಥರ ನೋಡುತ್ತಿದ್ದರು. ‘ಆದ್ರೆ ಇವತ್ತು ಬರ್ತೀನಿ, ಇಲ್ಲಾಂದ್ರೆ ನಾಳೆ’ ಎನ್ನುವ ಪ್ಲಂಬರನನ್ನು ಮನೆಯವರು ನೋಡುತ್ತಾರಲ್ಲ, ಹಾಗೆ!

ನಮ್ಮ ಡ್ರಿಲ್ ಮೇಷ್ಟ್ರು ನಂಜಪ್ಪನವರಿಗಂತೂ ಇದು ವರ್ಷದ ಮನರಂಜನೆ. ಅವರದು ಕೆ.ಆರ್. ಪುರದ ಹಳೆಯ ಒಕ್ಕಲು ಮನೆತನ. ಆಳು ಬಾಗಿಲು ತುಂಬುವಷ್ಟು ದೊಡ್ಡವರು, ಅವರ ಹಸಿವು ಅವರಿಗಿಂತಲೂ ದೊಡ್ಡದು.

“ಅಲ್ಲ ಮಿಸ್, ನಮ್ಮ ಯುಗಾದಿ ನೋಡಿ. ಒಂದು ವರ್ಷ ಮುಂಚೆನೇ ಕ್ಯಾಲೆಂಡರಲ್ಲಿ ಕೆಂಪಕ್ಷರದಲ್ಲಿ ಅಚ್ಚಾಗಿ ಕೂತಿರುತ್ತೆ. ನಿಮ್ದು ಹಿಂದಿನ ಸಂಜೆ ತನಕ ಸಸ್ಪೆನ್ಸು! ನೀವು ಹಬ್ಬದ ಬಟ್ಟೆ ಇಸ್ತ್ರಿಗೆ ಕೊಡೋದಾದ್ರೂ ಹೆಂಗೆ?”

ನಾನು ತಾಳ್ಮೆಯಿಂದ ವಿವರಿಸುತ್ತಿದ್ದೆ. ನಮ್ಮದು ಶುದ್ಧ ಚಾಂದ್ರಮಾನ, ತಿಂಗಳಿಗೆ ಇಪ್ಪತ್ತೊಂಬತ್ತು ಇಲ್ಲವೇ ಮೂವತ್ತು ದಿನ. ವರ್ಷ ಹತ್ತು ಹನ್ನೊಂದು ದಿನ ಕಡಿಮೆ. ಅದಕ್ಕೇ ನಮ್ಮ ಹಬ್ಬ ಊರೂರು ಸುತ್ತುವ ನೆಂಟರ ಹಾಗೆ ಎಲ್ಲ ಕಾಲಕ್ಕೂ ಹೋಗಿ ಬರುತ್ತದೆ. ನನ್ನ ಮದುವೆಯಾದ ವರ್ಷ ರಂಜಾನ್ ಡಿಸೆಂಬರ್ ಚಳಿಯಲ್ಲಿ ಬಂದಿತ್ತು. ಆಮೇಲೆ ದೀಪಾವಳಿಯ ಹತ್ತಿರ ಬಂತು, ಗಣೇಶನ ಹತ್ತಿರ ಬಂತು, ಮಳೆಗಾಲ ದಾಟಿ ಬೇಸಿಗೆ ರಜೆಗೆ ಬಂತು. ಈ ಸಲ ಸೀದಾ ಬಂದು ಯುಗಾದಿಯ ಪಕ್ಕದಲ್ಲೇ ಕುಳಿತುಬಿಟ್ಟಿತ್ತು! ಗುರುವಾರ ಯುಗಾದಿ. ಅದೇ ದಿನ ನಮ್ಮ ಇಪ್ಪತ್ತೊಂಬತ್ತನೇ ರೋಜಾ, ಅಂದರೆ ಉಪವಾಸ. ಆ ಸಂಜೆ ಚಂದ್ರ ಕಂಡರೆ ಶುಕ್ರವಾರ ಹಬ್ಬ. ಕಾಣದಿದ್ದರೆ ಇನ್ನೊಂದು ಉಪವಾಸ ಮಾಡಿ ಶನಿವಾರ.

ನಮ್ಮ ಹೆಡ್‌ಮಿಸ್ಟ್ರೆಸ್ ವಿಶಾಲಾಕ್ಷಿ ಮೇಡಂ ವೇಳಾಪಟ್ಟಿ ಹಿಡಿದುಕೊಂಡು ನನ್ನ ಮೇಜಿನ ಹತ್ತಿರ ಬಂದರು.

“ಮಿಸ್, ಏಳನೇ ತರಗತಿ ಕನ್ನಡ ಪರೀಕ್ಷೆ ಶುಕ್ರವಾರ ಇಡ್ಲಾ, ಶನಿವಾರ ಇಡ್ಲಾ? ಅರ್ಧ ತರಗತಿ ನಿಮ್ಮ ಶಿವಾಜಿನಗರದ ಮಕ್ಕಳೇ. ಹಬ್ಬದ ದಿನ ಪರೀಕ್ಷೆ ಇಡೋಕಾಗಲ್ಲ. ಒಂದೇ ಒಂದು ಮಾತು ಹೇಳಿ. ‘ಕಂಡರೆ ಕಾಣದಿದ್ದರೆ’ ಎಲ್ಲಾ ಬೇಡ.”

ಇಪ್ಪತ್ತೆರಡು ವರ್ಷದ ಅವಮಾನ ಒಮ್ಮೆಲೇ ನೆತ್ತಿಗೇರಿತು. ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ನಾನು ಎದ್ದು ನಿಂತು ಗಂಟಲು ಸರಿಮಾಡಿಕೊಂಡೆ.

“ಹಿಂದಿನ ಎರಡು ತಿಂಗಳೂ ಮೂವತ್ತು ದಿನಕ್ಕೆ ಮುಗಿದಿವೆ. ಮೂರನೆಯದೂ ಮೂವತ್ತಾಗಲು ಲೆಕ್ಕ ಒಪ್ಪುವುದಿಲ್ಲ. ಆದ್ದರಿಂದ ಇದು ಇಪ್ಪತ್ತೊಂಬತ್ತು. ಹಬ್ಬ ಶುಕ್ರವಾರ. ಬರೆದುಕೊಳ್ಳಿ ಮೇಡಂ!”

ಮೇಡಂ ಬರೆದುಕೊಂಡರು. ಶುಕ್ರವಾರ ರಜೆ, ಶನಿವಾರ ಪರೀಕ್ಷೆ. ಅಷ್ಟಕ್ಕೇ ಸುಮ್ಮನಿರಬಹುದಿತ್ತು. ಆದರೆ ಗೆದ್ದವರ ಬಾಯಿ ಸುಮ್ಮನಿರುತ್ತದೆಯೇ?

“ಮತ್ತೆ ಶುಕ್ರವಾರ ಮಧ್ಯಾಹ್ನ ಎಲ್ಲರೂ ನಮ್ಮ ಮನೆಗೆ ಊಟಕ್ಕೆ ಬರಬೇಕು!”

ನಂಜಪ್ಪನವರ ಮುಖ ಅರಳಿತು. ಶುಕ್ರವಾರವೆಂದರೆ ಯುಗಾದಿಯ ಮಾರನೆಯ ದಿನ, ಅವರ ಕಡೆ ಹೊಸತೊಡಕು. ಹಿಂದಿನ ದಿನದ ಹೋಳಿಗೆಗೆ ಬಾಡೂಟದಿಂದ ಸೇಡು ತೀರಿಸಿಕೊಳ್ಳುವ ಹಬ್ಬ.

“ಹೊಸತೊಡಕು ಈ ಸಲ ನಿಮ್ಮನೇಲೇ ಮಿಸ್! ಆದ್ರೆ ಒಂದು ಡೌಟು. ಯುಗಾದಿ ಸಂಜೆ ಚಂದ್ರ ಯಾರ ಕಣ್ಣಿಗೂ ಬೀಳಲ್ಲ, ಹೊಸತೊಡಕಿನ ಸಂಜೆನೇ ಕಾಣೋದು ಅಂತಾರೆ ನಮ್ಮವ್ವ.”

“ನಂಜಪ್ಪ ಸರ್, ಅದು ಅವ್ವನ ಮಾತು. ಇದು ವಿಜ್ಞಾನ!” ಎಂದೆ.

ಗುರುವಾರ ಬಂತು. ಹೊಸತೊಡಕಿನ ನೂಕುನುಗ್ಗಲಿಗೆ ಮುಂಚೆಯೇ ತರಬೇಕೆಂದು ನಮ್ಮವರನ್ನು ಬೆಳಗ್ಗೆಯೇ ಓಡಿಸಿ ಆರು ಕಿಲೊ ಮಟನ್ ತರಿಸಿದೆ. ನಮ್ಮವರ ಹೆಸರು ಗೌಸ್. ಬಸ್ ಸ್ಟ್ಯಾಂಡಿನ ಹಿಂದೆ ಚಿಕ್ಕದೊಂದು ಕನ್ನಡಕದ ಅಂಗಡಿ. ಅರ್ಧ ಶಿವಾಜಿನಗರಕ್ಕೆ ಕನ್ನಡಕ ಹಾಕಿಸಿದ ಮನುಷ್ಯನಿಗೆ ಹೆಂಡತಿಯ ಮೂಗಿನ ಮೇಲೆ ಒಂದನ್ನು ಕೂರಿಸಲು ಇಂದಿಗೂ ಆಗಿಲ್ಲ. ನನಗೆ ಕನ್ನಡಕ ಒಪ್ಪುವುದಿಲ್ಲ. ಹಿಂದಿನ ಬೆಂಚಿನ ಮಕ್ಕಳನ್ನು ದನಿಯಿಂದಲೇ ಗುರುತಿಸುತ್ತೇನೆ, ತೊಂದರೆಯಿಲ್ಲ.

“ಶಮೀಮ್, ಚಂದ್ರ ಕಂಡ ಮೇಲೆ ಮಸಾಲೆ ಹಚ್ಚಬಹುದಿತ್ತಲ್ಲ?” ಎಂದರು ನಮ್ಮವರು.

(ಮನೆಯಲ್ಲಿ ನಾವು ಮಾತಾಡುವುದು ದಖನಿ. ಓದುಗರ ಅನುಕೂಲಕ್ಕೆ ಕನ್ನಡದಲ್ಲಿ ಕೊಡುತ್ತಿದ್ದೇನೆ. ದಖನಿಯಲ್ಲಿ ಇದೇ ಮಾತು ಇನ್ನೂ ಸ್ವಲ್ಪ ಚುಚ್ಚುತ್ತದೆ.)

“ಚಂದ್ರ ನನ್ನ ಲೆಕ್ಕ ಮೀರಿ ಎಲ್ಲಿಗೆ ಹೋಗ್ತಾನೆ ರೀ?” ಎಂದು ಆರು ಕಿಲೊಗೂ ಮೊಸರು, ಶುಂಠಿ, ಬೆಳ್ಳುಳ್ಳಿ ಹಚ್ಚಿ ಮುಚ್ಚಿಟ್ಟೆ.

ಸಂಜೆ ಮಸೀದಿಯಲ್ಲಿ ಬಾಂಗ್ ಆಯಿತು. ಖರ್ಜೂರ ಬಾಯಿಗಿಟ್ಟುಕೊಂಡು ಎರಡು ಗುಟುಕು ನೀರು ಕುಡಿದು, ನಮಾಜು ಮುಗಿಸಿ ಟೆರೇಸಿಗೆ ಓಡಿದೆ. ಶಿವಾಜಿನಗರದ ನಮ್ಮ ಮನೆಯ ಹಿಂಭಾಗದಲ್ಲಿ ಕಬ್ಬಿಣದ ಸುರುಳಿ ಮೆಟ್ಟಿಲಿದೆ. ಮೂರು ಸುತ್ತು ಸುತ್ತಿ ಮೇಲೆ ಬಂದರೆ ಒಂದು ಕ್ಷಣ ಯಾರಿಗಾದರೂ ತಲೆ ತಿರುಗುತ್ತದೆ. ಖಾಲಿ ಹೊಟ್ಟೆಯವರಿಗೆ ಎರಡು ಕ್ಷಣ. ಒಂದು ಪಕ್ಕದಲ್ಲಿ ಹೊಸದಾಗಿ ಎದ್ದ ನಾಲ್ಕು ಅಂತಸ್ತಿನ ಗೋಡೆ ಆಕಾಶವನ್ನೆಲ್ಲ ಮುಚ್ಚಿತ್ತು. ನಾನು ಬಯಲಾಗಿ ಕಾಣುವ ಇನ್ನೊಂದು ಪಕ್ಕಕ್ಕೆ ಹೋಗಿ ನಿಂತು, ಕಣ್ಣು ಕಿರಿದು ಮಾಡಿ ನೋಡಿದೆ.

ಕಂಡ!

ತೆಳ್ಳಗೆ, ಬೆಳ್ಳಗೆ, ಬಾಗಿ, ದೂರದ ಕಟ್ಟಡಗಳ ಮೇಲೆ ನನಗಾಗಿಯೇ ಬಂದವನ ಹಾಗೆ ನಿಂತಿದ್ದ! ನನ್ನ ಕಣ್ಣಲ್ಲಿ ನೀರು ಬಂತು. ಅದರಿಂದ ಚಂದ್ರ ಇನ್ನೂ ಮಬ್ಬಾದ, ಆ ಮಾತು ಬೇರೆ.

“ಚಂದ್ರ ಕಂಡ! ಚಂದ್ರ ಕಂಡ!” ಎಂದು ಟೆರೇಸಿನ ಅಂಚಿನಿಂದ ಗಲ್ಲಿಗೆ ಕೂಗಿದೆ. ಗಲ್ಲಿಯಲ್ಲಿ ಒಂದು ಗುಲ್ಲೆದ್ದಿತು. ಎದುರು ಮನೆಯವರು ಮುಬಾರಕ್ ಎಂದರು. ಬಳೆ ಕೊಳ್ಳಲು ಕಮರ್ಷಿಯಲ್ ಸ್ಟ್ರೀಟಿಗೆ ಹೊರಟೇಬಿಟ್ಟರು ಇಬ್ಬರು ಹುಡುಗಿಯರು. ನಾನು ಅಲ್ಲೇ ನಿಂತು ಶಾಲೆಯ ಟೀಚರುಗಳ ವಾಟ್ಸಾಪ್ ಗುಂಪಿಗೆ ಬರೆದೆ: ‘ಲೆಕ್ಕ ಸರಿಯಾಯಿತು. ಚಂದ್ರ ದರ್ಶನವಾಗಿದೆ. ನಾಳೆ ಹಬ್ಬ. ಮಧ್ಯಾಹ್ನ ಒಂದು ಗಂಟೆಗೆ ಬನ್ನಿ.’

ಕೆಳಗಿಳಿದರೆ ಇನ್ನೊಂದು ಆಶ್ಚರ್ಯ ಕಾದಿತ್ತು. ನನ್ನ ಅತ್ತೆ, ಅವರನ್ನು ನಾವು ಅಮ್ಮಿ ಎನ್ನುತ್ತೇವೆ, ತಮ್ಮ ಕೋಣೆಯ ಕಿಟಕಿಯಿಂದ ಹೊರಗೆ ನೋಡುತ್ತಾ ನಿಂತಿದ್ದರು. ಒಂದು ಕಣ್ಣಿನ ಪೊರೆ ತೆಗೆಸಿದ್ದರು, ಇನ್ನೊಂದರದು ಬಾಕಿಯಿತ್ತು.

“ಶಮೀಮ್ ಹೇಳಿದ್ದು ನಿಜ. ನಂಗೂ ಕಾಣ್ತಿದೆ,” ಎಂದರು.

ಮದುವೆಯಾದ ಮೇಲೆ ಅಮ್ಮಿ ನನ್ನ ಮಾತನ್ನು ಒಪ್ಪಿದ್ದು ಅದೇ ಮೊದಲು! ಆಗಲೇ ನನಗೆ ಅನುಮಾನ ಬರಬೇಕಿತ್ತು.

ಹತ್ತು ನಿಮಿಷದಲ್ಲಿ ಬಾಗಿಲು ತಟ್ಟಿದರು. ನಮ್ಮ ಗಲ್ಲಿಯ ಮಸೀದಿಯ ಇಮಾಮರು, ಅವರನ್ನು ನಾವು ಹಜ್ರತ್ ಎನ್ನುತ್ತೇವೆ, ಇಬ್ಬರು ಹಿರಿಯರನ್ನು ಕರೆದುಕೊಂಡು ಬಂದಿದ್ದರು. ಚಂದ್ರ ಕಂಡೆ ಎಂದು ಯಾರಾದರೂ ಹೇಳಿದರೆ ಸುಮ್ಮನೆ ಬಿಡುವಂತಿಲ್ಲ. ಸಾಕ್ಷಿ ಕೇಳಬೇಕು, ಸರಿ ಎನಿಸಿದರೆ ಹಬ್ಬ ಸಾರುವ ಚಂದ್ರದರ್ಶನ ಸಮಿತಿಗೆ ತಿಳಿಸಬೇಕು. ನನ್ನ ಒಂದು ಮಾತಿನ ಮೇಲೆ ಇಡೀ ಊರಿನ ಹಬ್ಬ ನಿಂತಿತ್ತು! ನಾನು ಸೆರಗು ಸರಿಮಾಡಿಕೊಂಡು, ಇನ್‌ಸ್ಪೆಕ್ಷನ್ನಿಗೆ ಬಂದವರ ಮುಂದೆ ನಿಲ್ಲುವ ಹಾಗೆ ನಿಂತೆ.

“ಟೀಚರಮ್ಮ, ಆಕಾಶದಲ್ಲಿ ಒಂದು ಮೋಡ ಇಲ್ಲ. ನಾವು ಇಪ್ಪತ್ತು ಜನ ಮಸೀದಿ ಮೇಲೆ ನಿಂತು ನೋಡಿದ್ವಿ. ಯಾರಿಗೂ ಕಾಣಲಿಲ್ಲ. ನಿಮಗೆ ಕಂಡಿದ್ದು ನಿಜಾನಾ?” ಹಜ್ರತ್ ಮೆಲ್ಲಗೆ ಕೇಳಿದರು.

“ನನ್ನ ಎರಡೂ ಕಣ್ಣಿಂದ ಕಂಡೆ ಹಜ್ರತ್.”

“ಕೊಂಬು ಯಾವ ಕಡೆ ಇತ್ತು?”

“ಬಲಗಡೆ.”

ಹಜ್ರತ್ ಗಡ್ಡ ನೀವಿಕೊಂಡರು. “ನಮ್ಮೂರಲ್ಲಿ ಈ ಕಾಲದಲ್ಲಿ ಹೊಸ ಚಂದ್ರ ದೋಣಿ ಥರ ಮಲಗಿರ್ತಾನಮ್ಮ. ಕೊಂಬು ಮೇಲಕ್ಕಿರುತ್ತೆ.”

“ಈ ಸಲ ಸ್ವಲ್ಪ ಎದ್ದು ಕೂತಿರಬಹುದು.”

ಹಿರಿಯರಲ್ಲಿ ಒಬ್ಬರು ಕೆಮ್ಮಿದರು. ಕೆಮ್ಮಿದ್ದೋ ನಕ್ಕಿದ್ದೋ ಗೊತ್ತಾಗಲಿಲ್ಲ.

“ಸರಿ. ಯಾವ ದಿಕ್ಕಿನಲ್ಲಿ?”

ನಾನು ಧೈರ್ಯವಾಗಿ ಕೈ ಚಾಚಿ ತೋರಿಸಿದೆ. ಎಲ್ಲರೂ ನನ್ನ ಕೈಯನ್ನು ನೋಡಿದರು. ಕೈ ತೋರಿಸುತ್ತಿದ್ದ ಕಡೆ ನೋಡಿದರು. ಮತ್ತೆ ಕೈಯನ್ನು ನೋಡಿದರು.

“ಟೀಚರಮ್ಮ, ಅದು ಹಲಸೂರು,” ಎಂದರು ಹಜ್ರತ್.

ಹೊಸ ಚಂದ್ರ ಸೂರ್ಯ ಮುಳುಗಿದ ಕಡೆಯೇ, ಪಶ್ಚಿಮದಲ್ಲೇ ಕಾಣುವುದು. ಇದು ನಾಲ್ಕನೇ ತರಗತಿಯ ಮಗುವಿಗೂ ಗೊತ್ತು. ಪಶ್ಚಿಮ ಯಾವುದೆಂದು ನನಗೂ ಗೊತ್ತಿರಬೇಕಿತ್ತು. ದಿನಕ್ಕೆ ಐದು ಸಲ ಅದೇ ಕಡೆ ತಿರುಗಿ ನಮಾಜು ಮಾಡುವವಳು ನಾನು! ಟೆರೇಸಿಗೆ ಹತ್ತುವ ಮುಂಚೆಯೂ ಮಾಡಿದ್ದೆ! ಆ ಹಾಳು ಸುರುಳಿ ಮೆಟ್ಟಿಲು ನನ್ನನ್ನು ತಿರುಗಿಸಿ ಪೂರ್ವಕ್ಕೆ ನಿಲ್ಲಿಸಿತ್ತು.

“ನಾನೂ ನೋಡಿದೆ ಹಜ್ರತ್!” ಅಮ್ಮಿ ಒಳಗಿನಿಂದ ನನ್ನ ಸಹಾಯಕ್ಕೆ ಬಂದರು. “ಚೆನ್ನಾಗಿ ಕಂಡಿತು. ಎರಡು ಇದ್ದವು.”

“ಎರಡಾ?”

“ಹೌದು. ಒಂದು ದೊಡ್ಡದು, ಪಕ್ಕದಲ್ಲಿ ಒಂದು ಸಣ್ಣದು.”

ಹಜ್ರತ್ ನಮ್ಮವರ ಕಡೆ ತಿರುಗಿದರು. “ಗೌಸ್ ಭಾಯ್, ನೀವು ಏನಂತೀರಿ?”

ಮೂವತ್ತು ವರ್ಷ ಕನ್ನಡಕ ಮಾರಿದ ನಮ್ಮವರು ನೆಲ ನೋಡುತ್ತಾ, ಕೋರ್ಟಿನಲ್ಲಿ ಹೇಳುವವರ ಹಾಗೆ ಹೇಳಿದರು: “ನನ್ನ ಹೆಂಡತಿಗೆ ಎರಡೂ ಕಣ್ಣು ಮೈನಸ್ ಎರಡೂವರೆ ಹಜ್ರತ್. ಕನ್ನಡಕ ಹಾಕಲ್ಲ.”

ಅಲ್ಲಿಗೆ ಸಾಕ್ಷಿಯ ಕಥೆ ಮುಗಿಯಿತು. ಆದರೂ ಹಜ್ರತ್ ನ್ಯಾಯವಂತರು. ನನ್ನ ಮನಸ್ಸಿನ ಸಮಾಧಾನಕ್ಕೆಂದು ಎಲ್ಲರನ್ನೂ ಟೆರೇಸಿಗೆ ಕಳಿಸಿದರು. ಚಂದ್ರ ಅಲ್ಲೇ ಇದ್ದ, ಕೊಂಬು ಬಲಗಡೆ. ಇಪ್ಪತ್ತು ನಿಮಿಷದಲ್ಲಿ ಒಂದು ಅಂಗುಲವೂ ಕದಲಿರಲಿಲ್ಲ. ನಾವು ನೋಡುತ್ತಿರುವಂತೆಯೇ ಅವನ ಪಕ್ಕದಲ್ಲಿ ಪಟಪಟ ಎಂದು ಇನ್ನೊಂದಿಷ್ಟು ದೀಪ ಹತ್ತಿದವು. ನಮ್ಮವರು ಕನ್ನಡಕ ಏರಿಸಿಕೊಂಡು ನಿಧಾನವಾಗಿ ಓದಿದರು.

“ಕೋಚಿಂಗ್ ಸೆಂಟರ್.”

ಇಂಗ್ಲಿಷಿನಲ್ಲಿ ಬರೆದ ಬೋರ್ಡು. ಅಷ್ಟು ಹೊತ್ತು ಅದರ ಮೊದಲ ಅಕ್ಷರ ‘ಸಿ’ ಒಂದೇ ಉರಿಯುತ್ತಿತ್ತು! ಇಪ್ಪತ್ತೆರಡು ವರ್ಷ ಮಕ್ಕಳಿಗೆ ಅಕ್ಷರ ಕಲಿಸಿದ ನಾನು ಒಂದು ಅಕ್ಷರವನ್ನು ಕಂಡು ಆನಂದಬಾಷ್ಪ ಸುರಿಸಿದ್ದೆ.

ಗಲ್ಲಿಯವರು ಮುಬಾರಕ್‌ಗಳನ್ನು ವಾಪಸ್ ತೆಗೆದುಕೊಂಡು ಮನೆಯೊಳಗೆ ಹೋದರು. ಬಳೆಗೆ ಹೋಗಿದ್ದ ಹುಡುಗಿಯರಿಗೆ ಫೋನು ಹೋಯಿತು. ಈಗ ನನಗೆ ಉಳಿದದ್ದು ಒಂದೇ ಕೆಲಸ, ಟೀಚರುಗಳಿಗೆ ತಿಳಿಸುವುದು. ಫೋನ್ ಮಾಡಿ ಹೇಳಿದರೆ ನಂಜಪ್ಪನವರ ನಗು ಕೇಳಬೇಕಾಗುತ್ತದೆ. ಬರೆದುಬಿಡೋಣವೆಂದು ಅವಸರದಲ್ಲಿ ಬರೆದೆ: ‘ಚಂದ್ರ ಕಂಡಿಲ್ಲ. ಹಬ್ಬ ನಾಡಿದ್ದು. ನಾಳೆ ಊಟ ಇರುವುದಿಲ್ಲ. ತಪ್ಪಾಯಿತು. ಶಮೀಮ್.’

ತಕ್ಷಣ ಒಂದು ಉತ್ತರ ಬಂತು: ‘ಸರಿ ಮಿಸ್.’ ಅಬ್ಬ, ಯಾರೂ ನಗಲಿಲ್ಲ! ಫೋನನ್ನು ಬೀರುವಿನ ಮೇಲಿಟ್ಟು ಮಲಗಿದೆ.

ಶುಕ್ರವಾರ ಮೂವತ್ತನೇ ರೋಜಾ. ಮಾರನೆಯ ದಿನ ಹಬ್ಬವಾದ್ದರಿಂದ ಬೆಳಗ್ಗೆಯಿಂದಲೇ ಮನೆ ತೊಳೆಯಲು ನಿಂತೆ. ಪರದೆಗಳು ಬಕೆಟ್ಟಿನಲ್ಲಿ ನೆನೆಯುತ್ತಿದ್ದವು. ಸೋಫಾ ಕಾಲು ಮೇಲೆ ಮಾಡಿ ಬಿದ್ದಿತ್ತು. ಇನ್ನು ಮಟನ್ನಿನ ವಿಷಯ.

“ಮಸಾಲೆ ಹಚ್ಚಿದ ಮಾಂಸ ಚಂದ್ರನಿಗೋಸ್ಕರ ಕಾಯಲ್ಲ. ಇವತ್ತೇ ಬೇಯಿಸು. ಸಂಜೆ ಇಫ್ತಾರಿಗೆ ಗಲ್ಲಿಗೆಲ್ಲ ಹಂಚೋಣ. ಉಳಿದದ್ದು ನಾಳೆ ಹಬ್ಬಕ್ಕಾಯ್ತು,” ಎಂದು ಅಮ್ಮಿ ತೀರ್ಪು ಕೊಟ್ಟರು.

ಒಂದು ಗಂಟೆ. ನಮ್ಮವರು ಜುಮ್ಮಾ ನಮಾಜಿಗೆ ಹೋಗಿದ್ದರು. ನಾನು ಹಳೇ ನೈಟಿ ಹಾಕಿ, ತಲೆಗೆ ಟವೆಲ್ ಸುತ್ತಿ, ಮೊಸರು ಬಜ್ಜಿಗೆ ಈರುಳ್ಳಿ ಹೆಚ್ಚುತ್ತಾ ಅಳುತ್ತಿದ್ದೆ. ಬೆಲ್ ಆಯಿತು. ಚಾಕು ಕೈಯಲ್ಲಿ ಹಿಡಿದುಕೊಂಡೇ ಬಾಗಿಲು ತೆರೆದೆ.

“ಈದ್ ಮುಬಾರಕ್!”

ಆರು ಜನ! ಮುಂದೆ ರೇಷ್ಮೆ ಸೀರೆ ಉಟ್ಟ ವಿಶಾಲಾಕ್ಷಿ ಮೇಡಂ, ಕೈಯಲ್ಲಿ ದೊಡ್ಡ ಸ್ಟೀಲ್ ಡಬ್ಬಿ. ಹಿಂದೆ ಮಲ್ಲಿಗೆ ಮುಡಿದ ನಾಲ್ವರು ಟೀಚರುಗಳು. ಎಲ್ಲರ ಹಿಂದೆ ಬಾಗಿಲಿಗಿಂತ ಅಗಲವಾಗಿ ನಂಜಪ್ಪನವರು.

ಮೇಡಂ ನನ್ನ ಕೆಂಪು ಕಣ್ಣು ನೋಡಿದರು, ಚಾಕು ನೋಡಿದರು. “ಮಿಸ್, ಮನೇಲಿ ಎಲ್ಲಾ ಕ್ಷೇಮ ತಾನೇ?”

“ಈರುಳ್ಳಿ ಮೇಡಂ,” ಎಂದೆ.

“ಹೊಸತೊಡಕು ಅಂತ ಬೆಳಗ್ಗೆಯಿಂದ ಒಂದು ಲೋಟ ಕಾಫಿ ಬಿಟ್ರೆ ಏನೂ ಮುಟ್ಟಿಲ್ಲ ಮಿಸ್,” ಎಂದು ನಂಜಪ್ಪನವರು ಗಾಳಿಯನ್ನು ಮೂಸುತ್ತಾ ಒಳಗೆ ಬಂದು, ತಲೆಕೆಳಗಾದ ಸೋಫಾವನ್ನು ಒಂದೇ ಕೈಯಲ್ಲಿ ಎತ್ತಿ ನೆಟ್ಟಗೆ ಮಾಡಿ ಕೂತರು.

ಇವರಿಗೆಲ್ಲ ನನ್ನ ಮೆಸೇಜು ಸಿಕ್ಕಿಲ್ಲವೇ? ಸಿಕ್ಕಿಯೂ ಬಂದಿದ್ದಾರೆಯೇ? ಅಷ್ಟರಲ್ಲಿ ಮೇಡಂ ತಾವಾಗಿಯೇ ಶುರು ಮಾಡಿದರು.

“ಬೆಳಗ್ಗೆ ಒಂದು ವಿಚಿತ್ರ ಆಯ್ತು ಮಿಸ್. ಏಳನೇ ಕ್ಲಾಸಿನ ಮಕ್ಕಳು ಹತ್ತು ಹದಿನೈದು ಜನ ಊಟದ ಡಬ್ಬಿ ಹಿಡ್ಕೊಂಡು ಶಾಲೆ ಗೇಟ್ ಹತ್ರ ನಿಂತಿದ್ರಂತೆ! ವಾಚ್‌ಮನ್ ಎಷ್ಟು ಹೇಳಿದ್ರೂ ಹೋಗಲ್ವಂತೆ. ‘ಬಿಸಿಯೂಟ ಇಲ್ಲ ಅಂತ ಮಿಸ್ ಮೆಸೇಜ್ ಹಾಕಿದ್ದಾರೆ, ಅಂದ್ರೆ ಶಾಲೆ ಇದೆ’ ಅಂತಿದ್ರಂತೆ. ಯಾರೋ ಕಿಡಿಗೇಡಿ ಕೆಲಸ. ಸೋಮವಾರ ವಿಚಾರಿಸ್ತೀನಿ.”

‘ಒಂದು ನಿಮಿಷ’ ಎಂದು ಕೋಣೆಗೆ ಓಡಿ ಬೀರುವಿನ ಮೇಲಿನ ಫೋನ್ ತೆಗೆದೆ. ಮೆಸೇಜು ಹೋಗಿತ್ತು. ಟೀಚರುಗಳ ಗುಂಪಿಗಲ್ಲ, ‘ಏಳನೇ ತರಗತಿ ಪೋಷಕರು’ ಗುಂಪಿಗೆ! ಕೆಳಗೆ ಅರವತ್ತೆರಡು ಉತ್ತರಗಳು. ‘ಮಿಸ್, ಮೊಟ್ಟೆನೂ ಇಲ್ವಾ?’ ‘ಡಬ್ಬಿ ಕಳಿಸಬೇಕಾ?’ ‘ಚಂದ್ರ ಯಾರು ಮಿಸ್? ಯಾವಾಗಿಂದ ಕಾಣ್ತಿಲ್ಲ? ಪೊಲೀಸಿಗೆ ತಿಳಿಸಿದ್ರಾ?’

ಆ ತರಗತಿಯಲ್ಲಿ ಚಂದ್ರ ಎಂಬ ಹುಡುಗ ಇದ್ದಾನೆ. ಅವನ ತಾಯಿಯೇ ಬರೆದಿದ್ದರು: ‘ನಮ್ಮ ಚಂದ್ರ ಮನೆಯಲ್ಲೇ ಇದ್ದಾನೆ, ಯಾರೂ ಗಾಬರಿ ಆಗಬೇಡಿ.’

ಆ ಗಳಿಗೆಯಲ್ಲಿ ಹೊರಗೆ ಹೋಗಿ ನಿಜ ಹೇಳಿಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ನಾನು ಅಡುಗೆಮನೆಗೆ ಹೋಗಿ ಅಮ್ಮಿಯ ಕಿವಿಯಲ್ಲಿ ಪಿಸುಗುಟ್ಟಿದೆ: “ಇವತ್ತೇ ಹಬ್ಬ ಅಂತ ನಡೆಸಿಬಿಡೋಣ. ಅವರಿಗೆ ಊಟ ಹಾಕಿ ಕಳಿಸೋಣ. ನೀವು ಸುಮ್ಮನೆ ನಗ್ತಾ ಇರಿ, ಸಾಕು.”

“ರೋಜಾ ಇಟ್ಕೊಂಡು ಸುಳ್ಳು ಹೇಳ್ಬೇಕಾ? ನಾನು ನಗೋದೂ ಇಲ್ಲ,” ಎಂದು ಅಮ್ಮಿ ತಸ್ಬಿಯ ಜಪಮಣಿ ಹಿಡಿದು ಗೋಡೆಗೆ ತಿರುಗಿ ಕೂತರು.

ಒಬ್ಬಳೇ ಕಣಕ್ಕಿಳಿದೆ. ಸೀರೆ ಉಟ್ಟು ಬಂದು, ಚಾಪೆ ಹಾಸಿ, ತಟ್ಟೆ ಇಟ್ಟು, ಬಿರಿಯಾನಿ ದಮ್ಮಿಗೆ ಹಾಕಿದ್ದೇನೆ, ಇನ್ನು ಅರ್ಧ ಗಂಟೆ ಎಂದು ನಗುನಗುತ್ತಾ ಹೇಳಿದೆ. ನಗುವಾಗ ತುಟಿ ಒಣಗಿ ಸೀಳುತ್ತಿತ್ತು. ಬೆಳಗಿನ ಜಾವದಿಂದ ನೀರು ಕುಡಿದಿರಲಿಲ್ಲ.

“ಅಲ್ಲಿತನಕ ಇದು ತಗೊಳ್ಳಿ. ನನ್ನ ಕೈಯಾರೆ ಮಾಡಿದ ಬೇಳೆ ಹೋಳಿಗೆ,” ಎಂದು ಮೇಡಂ ಡಬ್ಬಿ ತೆರೆದರು. ತುಪ್ಪದ ಘಮ ಎದ್ದಿತು. “ಮೊದಲ ತುತ್ತು ಶಮೀಮ್ ಮಿಸ್‌ಗೆ. ತಿಂಗಳಿಡೀ ಉಪವಾಸ ಮಾಡಿದ್ದೀರಿ ಪಾಪ. ಬಾಯಿ ತೆಗೀರಿ.”

ಹೋಳಿಗೆಯ ತುಂಡು ನನ್ನ ಮುಖದ ಕಡೆ ಬಂತು. ನಾನು ತುಟಿ ಬಿಗಿದೆ. ಅದು ಇನ್ನೂ ಹತ್ತಿರ ಬಂತು. ನಾನು ಹಿಂದಕ್ಕೆ ಬಾಗಿದೆ. ಮೇಡಂ ಮುಂದಕ್ಕೆ ಬಾಗಿದರು.

“ನಾಚ್ಕೋಬೇಡ್ರಿ!”

“ಉಂಹೂಂ!”

“ಬಾಯಿ ತೆಗೀರಿ ಅಂದ್ರೆ!” ಇದು ಮೂರನೇ ತರಗತಿಯ ಮಕ್ಕಳಿಗೆ ಜಂತುಹುಳದ ಮಾತ್ರೆ ಹಾಕುವಾಗಿನ ಅವರ ದನಿ. ಇಪ್ಪತ್ತೆರಡು ವರ್ಷದಿಂದ ಆ ದನಿಗೆ ವಿಧೇಯಳಾಗಿದ್ದ ನನ್ನ ಬಾಯಿ ತಾನಾಗಿಯೇ ತೆರೆದುಕೊಳ್ಳತೊಡಗಿತು. ಮೂವತ್ತನೇ ರೋಜಾ ಹೋಗೇಹೋಯಿತು ಎನ್ನುವಷ್ಟರಲ್ಲಿ ಕೂಗಿಬಿಟ್ಟೆ:

“ಮೇಡಂ, ನನಗಿವತ್ತು ಉಪವಾಸ!”

“ಹಬ್ಬದ ದಿನ ಉಪವಾಸಾನಾ?”

“ಹಬ್ಬ ನಾಳೆ!”

ಹೋಳಿಗೆ ಗಾಳಿಯಲ್ಲೇ ನಿಂತಿತು. ಗೋಡೆಯ ಕಡೆ ತಿರುಗಿದ್ದ ಅಮ್ಮಿ ಈ ಕಡೆ ತಿರುಗಿ ನಕ್ಕರು. ಈಗ ನಗಲು ಅವರಿಗೆ ಅಡ್ಡಿಯಿರಲಿಲ್ಲ.

ಎಲ್ಲ ಹೇಳಿದೆ. ಸುರುಳಿ ಮೆಟ್ಟಿಲು, ಹಲಸೂರು, ‘ಸಿ’ ಅಕ್ಷರ, ಪೋಷಕರ ಗುಂಪು. ನಂಜಪ್ಪನವರು ನಕ್ಕ ನಗುವಿಗೆ ಬಕೆಟ್ಟಿನಲ್ಲಿದ್ದ ಪರದೆಗಳೂ ಅಲುಗಾಡಿರಬೇಕು. ಮೇಡಂ ಮಾತ್ರ ನಗಲಿಲ್ಲ. ಅವರ ಮುಖ ನಿಧಾನವಾಗಿ ಬಣ್ಣ ಬದಲಿಸಿತು.

“ನಾಳೆ ಹಬ್ಬ ಅಂದ್ರೆ... ನಾಳೆ ಪರೀಕ್ಷೆ ಇಟ್ಟಿದ್ದೀನಲ್ರೀ!”

ಮುಂದಿನ ಒಂದು ಗಂಟೆ ನಮ್ಮ ಮನೆಯ ಹಜಾರ ಶಾಲೆಯ ಆಫೀಸಾಯಿತು. ಪರೀಕ್ಷೆ ಸೋಮವಾರಕ್ಕೆ ಹೋಯಿತು. ಮೇಡಂ ಒಂದೊಂದು ತರಗತಿಯ ಗುಂಪಿಗೂ ಸಂದೇಶ ಬರೆಸಿದರು. ಬರೆಯಲು ನಾಲ್ವರು ಟೀಚರುಗಳಿಗೂ ಅವಕಾಶ ಸಿಕ್ಕಿತು. ನನಗೆ ಫೋನ್ ಮುಟ್ಟಲು ಬಿಡಲಿಲ್ಲ.

ಅಷ್ಟರಲ್ಲಿ ಬಿರಿಯಾನಿಯ ದಮ್ಮು ಆಗಿತ್ತು. ಮುಚ್ಚಳದ ಸಂದಿಯಿಂದ ಹೊರಟ ಘಮ ಹಜಾರವನ್ನೆಲ್ಲ ಆವರಿಸಿತು. ನಾನು ಸೌಟು ಎತ್ತಿಕೊಂಡೆ. “ನೀವು ಊಟ ಮಾಡಿ. ನಮಗೆ ಇದು ಅಭ್ಯಾಸ.”

“ಸಾಧ್ಯಾನೇ ಇಲ್ಲ,” ಎಂದರು ಮೇಡಂ. “ಉಪವಾಸ ಇರೋ ಮನೆಯವರ ಮುಂದೆ ಕೂತು ತಿನ್ನೋದಾ? ಸಂಜೆ ಎಲ್ಲರೂ ಒಟ್ಟಿಗೆ ತಿನ್ನೋಣ. ಏನ್ ನಂಜಪ್ಪ ಸರ್?”

ನಂಜಪ್ಪನವರು ಬಿರಿಯಾನಿಯ ಡಬರಿ ನೋಡಿದರು. ಗಡಿಯಾರ ನೋಡಿದರು. ಎರಡೂವರೆ. ಒಬ್ಬ ಮನುಷ್ಯ ಮರ್ಯಾದೆಗೂ ಹೊಟ್ಟೆಗೂ ನಡುವೆ ಹೀಗೆ ತೂಗಾಡಿದ್ದನ್ನು ನಾನು ಕಂಡೇ ಇರಲಿಲ್ಲ.

“ಆಯ್ತು ಮೇಡಂ,” ಎಂದರು. ದನಿ ಎಲ್ಲೋ ಬಾವಿಯೊಳಗಿಂದ ಬಂದ ಹಾಗಿತ್ತು.

ಮೇಡಂಗೆ ಸಕ್ಕರೆ ಕಾಯಿಲೆಯ ಮಾತ್ರೆ ಇದ್ದುದರಿಂದ ಅಮ್ಮಿ ಅವರನ್ನು ಗದರಿಸಿ ಒಳಗೆ ಕರೆದುಕೊಂಡು ಹೋಗಿ, ಬಾಗಿಲು ಹಾಕಿ ಮೊಸರನ್ನ ತಿನ್ನಿಸಿದರು. ನಂಜಪ್ಪನವರಿಗೆ ಯಾವ ಕಾಯಿಲೆಯೂ ಇರಲಿಲ್ಲ. ಅದೇ ಅವರ ದುರದೃಷ್ಟ. ಮೂರು ಗಂಟೆಗೆ ಫ್ಯಾನಿನ ಕೆಳಗೆ ಮಲಗಿದರು. ಮೂರೂವರೆಗೆ, “ಮಿಸ್, ನಿಮ್ಮ ಗಡಿಯಾರ ನಿಂತಿದೆಯಾ?” ಎಂದರು. ನಾಲ್ಕಕ್ಕೆ, “ನೀರು ಕೂಡ ಕುಡಿಯಲ್ವಾ ನೀವು? ನಿಜವಾಗ್ಲೂ?” ಎಂದರು. ಐದಕ್ಕೆ ನಮ್ಮವರು ಅಂಗಡಿಯಿಂದ ಬಂದು ಪಕ್ಕದಲ್ಲಿ ಕೂತು, “ಇನ್ನು ಒಂದೂವರೆ ಗಂಟೆ ಸರ್, ಆಗೇಹೋಯ್ತು,” ಎಂದಾಗ ಅವರ ಕೈ ಹಿಡಿದುಕೊಂಡು ಕಣ್ಣು ಮುಚ್ಚಿದರು. ಹದಿನಾಲ್ಕು ವರ್ಷ ಮಕ್ಕಳನ್ನು ಮೈದಾನದಲ್ಲಿ ಓಡಿಸಿದ ಮನುಷ್ಯ!

ಬಾಂಗ್ ಕೇಳಿದ ತಕ್ಷಣ ಅವರು ಎದ್ದ ವೇಗ ನೋಡಬೇಕಿತ್ತು. ಖರ್ಜೂರ, ನೀರು, ಕಲ್ಲಂಗಡಿ, ಆಮೇಲೆ ಚಾಪೆ ತುಂಬ ಬಿರಿಯಾನಿ, ದಾಲ್ಚಾ, ಮೊಸರು ಬಜ್ಜಿ. ನಾವು ನಮಾಜು ಮುಗಿಸಿ ಬರುವಷ್ಟರಲ್ಲಿ ನಂಜಪ್ಪನವರು ಮೂರನೇ ತಟ್ಟೆಯಲ್ಲಿದ್ದರು. “ಮಿಸ್, ಹಸಿದು ತಿಂದ್ರೆ ಅನ್ನ ಬೇರೆ ರುಚಿನೇ ಕಣ್ರೀ,” ಎಂದು ಒಂದೇ ಒಂದು ಮಾತು ಹೇಳಿದರು. ಹೇಳುವಾಗ ಅವರು ತಮಾಷೆ ಮಾಡುತ್ತಿರಲಿಲ್ಲ.

ಆಮೇಲೆ ಎಲ್ಲರೂ ಟೆರೇಸಿಗೆ ಹೋದರು. ನಾಲ್ಕು ಅಂತಸ್ತಿನ ಗೋಡೆಯ ಅಂಚಿನಲ್ಲಿ, ಪಶ್ಚಿಮದಲ್ಲೇ, ಚಂದ್ರ ದೋಣಿಯಂತೆ ಮಲಗಿದ್ದನಂತೆ. ಮೊದಲು ಕಂಡವರು ನಂಜಪ್ಪನವರು. ಮೇಡಂ ಕೈ ಮುಗಿದರು, ಅಮ್ಮಿ ಕೆಳಗಿನ ಬಾಗಿಲಿನಿಂದ ದುವಾ ಮಾಡಿದರು. ನಾನು ಎಲ್ಲರ ಜೊತೆ ತಲೆಯೆತ್ತಿ, “ಎಷ್ಟು ಚೆಂದ!” ಎಂದೆ. ನನಗೆ ಗೋಡೆ ಮಾತ್ರ ಕಂಡಿತು.

ಶನಿವಾರ ಹಬ್ಬ. ಬೆಳಗ್ಗೆ ಡಬರಿ ತೆರೆದರೆ ತಳದಲ್ಲಿ ಎರಡು ಲವಂಗ, ಒಂದು ಪಲಾವ್ ಎಲೆ. ಆರು ಕಿಲೊ! ಗಲ್ಲಿಗೆ ಹಂಚಿದ್ದು ಸ್ವಲ್ಪ, ಉಳಿದದ್ದು ಎಲ್ಲಿಗೆ ಹೋಯಿತೆಂದು ಕೆ.ಆರ್. ಪುರದವರನ್ನು ಕೇಳಬೇಕು. ನಮ್ಮವರು ಹೊರಗೆ ಹೋಗಿ ನೋಡಿ ಬಂದರು. ಮಟನ್ ಅಂಗಡಿಯ ಸಾಲು ಮುಂದಿನ ರಸ್ತೆಯವರೆಗೂ ಇತ್ತು. ಅಷ್ಟರಲ್ಲಿ ಫ್ರೇಜರ್ ಟೌನಿನಿಂದ ನನ್ನ ನಾದಿನಿ ಮನೆಯವರನ್ನೆಲ್ಲ ಕರೆದುಕೊಂಡು ಹಬ್ಬದೂಟಕ್ಕೆ ಇಳಿದೇಬಿಟ್ಟಳು. ನಾನು ಉಪ್ಪಿಟ್ಟು ಕೆದಕಿದೆ. ಜೊತೆಗೆ ಮೇಡಂ ಬಿಟ್ಟುಹೋಗಿದ್ದ ಡಬ್ಬಿಯ ಹೋಳಿಗೆಗಳನ್ನು ತುಪ್ಪ ಸವರಿ ಬಿಸಿಮಾಡಿ ತಟ್ಟೆಯಲ್ಲಿಟ್ಟೆ.

ನಾದಿನಿ ಉಪ್ಪಿಟ್ಟನ್ನು ಪಕ್ಕಕ್ಕೆ ತಳ್ಳಿ ಹೋಳಿಗೆ ಬಾಯಿಗಿಟ್ಟಳು. ನನ್ನ ಅಡುಗೆಯನ್ನು ಒಮ್ಮೆಯೂ ಹೊಗಳದ ಹೆಂಗಸು ಕಣ್ಣು ಮುಚ್ಚಿದಳು. ಇನ್ನೊಂದು ತೆಗೆದುಕೊಂಡಳು.

“ಭಾಭಿ! ಇಷ್ಟು ವರ್ಷದಲ್ಲಿ ನಿಮ್ಮ ಮನೇಲಿ ಇಂಥ ರುಚಿ ನೋಡೇ ಇರಲಿಲ್ಲ!”

ನಾನು ವಿನಯದಿಂದ ತಲೆ ತಗ್ಗಿಸಿದೆ. ಸುಮ್ಮನಿದ್ದೆ. ಸುಮ್ಮನಿರುವುದು ಸುಳ್ಳು ಹೇಳಿದ ಹಾಗೆ ಆಗುವುದಿಲ್ಲವಲ್ಲ.

ಮೂಲೆಯಲ್ಲಿ ಕೂತಿದ್ದ ಅಮ್ಮಿ ಬಾಯಿಬಿಟ್ಟರು. “ಅದು ಅವಳು ಮಾಡಿದ್ದಲ್ಲ.”

ನಾದಿನಿ ಮೂರನೇ ಹೋಳಿಗೆ ಎತ್ತಿಕೊಳ್ಳುತ್ತಾ ಹೇಳಿದಳು:

“ಅದಕ್ಕೇ!”